ಬನಾತಿನ ಬಾಗಿಲು

ಬಾಗಿಲಿನ ಮೇಲಿನ ಕೀಲಿನ ತಿರುಪುಗಳೆರಡನ್ನೂ ಬಡಗಿ ಪರ್ಸಿ ಸಡಿಲಿಸಿಯಾಗಿತ್ತು. ಅಡುಗೆಮನೆಗೆ ಹೋಗುವ ಒಳ ಓಣಿಯಲ್ಲಿದ್ದ ಆ ಬಾಗಿಲನ್ನು ಕಳಚಿ ಮಾಳಿಗೆಯ ಮಕ್ಕಳ ಕೋಣೆಗೆ ಸಾಗಿಸಬೇಕೆಂಬುದು ಆಸ್ಕ್ಯೂ ಮೇಷ್ಟ್ರ ಹದಿನಾಲ್ಕು ವರ್ಷಗಳ ಹಂಬಲ. ಇಂಗ್ಲೆಂಡಿನಲ್ಲಿ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಉಣ್ಣೆಗಿರಣಿಯ ಒಡೆಯರು ಕಟ್ಟಿಸಿದ ಮನೆ ಅದು. ಯಾರ್ಕ್‌ಶೈರಿನ ಆ ಊರವರ ಸಂಘ ಅದನ್ನು ಇದ್ದುದು ಇದ್ದಂತೆ ಕಾಪಾಡಿಕೊಂಡು ಬಂದಿತ್ತು. ಬಂದವರಿಗೆ ತೋರಿಸುವ ಕೆಲಸ ನಿವೃತ್ತ ಮೇಷ್ಟ್ರದು.

ಬಾಗಿಲಿಗೆ ಎರಡು ಮುಖ. ಒಡೆಯರ ಕಡೆಗೆ ಹಸಿರು ಬನಾತು, ಎಂದರೆ ದಪ್ಪ ಉಣ್ಣೆಬಟ್ಟೆ, ಹೊದಿಸಿ ಹಿತ್ತಾಳೆಯ ಮೊಳೆ ಬಡಿದಿದ್ದರು. ಪಾತ್ರೆಯ ಸದ್ದಾಗಲಿ ಎಲೆಕೋಸು ಬೇಯುವ ವಾಸನೆಯಾಗಲಿ ಅತ್ತ ದಾಟಕೂಡದು. ಅಡುಗೆಮನೆಯ ಕಡೆಗೆ ಬರಿಯ ಹಲಗೆ. ಆ ಹಲಗೆಯ ಮೇಲೆ ಪೆನ್ಸಿಲಿನಿಂದ ಎಳೆದ ಹನ್ನೊಂದು ಗೆರೆಗಳು, ಪಕ್ಕದಲ್ಲಿ ಇಸವಿ. ಒಡೆಯರ ಮಗಳು ಅಡಿಲೇಡ್ ವರ್ಷ ವರ್ಷವೂ ಬೆಳೆದ ಎತ್ತರಗಳವು ಎಂದು ಮೇಷ್ಟ್ರು ಕಿರುಹೊತ್ತಗೆಯಲ್ಲಿ ಅಚ್ಚು ಹಾಕಿಸಿದ್ದರು.

ಅಂದು ಬಂದವರಲ್ಲಿ ಮಿಸೆಸ್ ಕ್ಲೆಗ್ ಎಂಬ ಎಂಬತ್ತರ ಮುದುಕಿಯೊಬ್ಬಳಿದ್ದಳು. ಸಾವಿರದ ಎಂಟುನೂರ ಎಂಬತ್ತೊಂದನೆಯ ಇಸವಿಯ ಗೆರೆಗಿಂತ ಎಂಬತ್ತನಾಲ್ಕರದು ನಾಲ್ಕು ಬೆರಳು ಕೆಳಗಿದೆಯಲ್ಲ, ಹುಡುಗಿ ಕುಗ್ಗಿದಳೇ ಎಂದು ಕೇಳಿದಳು. ಆ ವರ್ಷ ತಾಯಿ ಬೂಟು ಬಿಚ್ಚಿಸಿರಬೇಕು ಎಂಬುದು ಮೇಷ್ಟ್ರ ಹಳೆಯ ಉತ್ತರ. ಎಲ್ಲರೂ ನಕ್ಕು ಚಹಾಕ್ಕೆ ಹೊರಟರು. ಆಕೆ ಮಾತ್ರ ಓಣಿಯ ಬೆಂಚಿನ ಮೇಲೆ ಕುಳಿತು ತನ್ನ ಅಜ್ಜಿಯ ಬಾಯಿಂದ ಕೇಳಿದ್ದನ್ನು ಹೇಳಿದಳು. ಈ ಮನೆಯಲ್ಲಿ ಕೆಲಸದವಳಿಗಾಗಿ ಉಡುಪು ಹೊಲಿಸುತ್ತಿರಲಿಲ್ಲ. ಇದ್ದ ಉಡುಪಿಗೆ ತಕ್ಕ ಹುಡುಗಿಯನ್ನು ಆರಿಸುತ್ತಿದ್ದರು. ಹೊಸದಾಗಿ ಬಂದವಳನ್ನು ಈ ಹಲಗೆಗೆ ಒರಗಿಸಿ ನಿಲ್ಲಿಸಿ ತಲೆಯ ಮಟ್ಟಕ್ಕೆ ಗೆರೆ ಎಳೆಯುವುದು, ಅಳತೆ ಕೂಡದಿದ್ದರೆ ಮರಳಿ ಮನೆಗೆ ಕಳಿಸುವುದು. ಕೆಜಾಯಾ ಎಂಬ ಆ ಅಜ್ಜಿಯನ್ನು ಹಾಗೆ ನಿಲ್ಲಿಸಿದಾಗ ಅವಳಿಗೆ ಹದಿಮೂರು.

“ಎಂಬತ್ತನಾಲ್ಕರ ಹತ್ರ ಎರಡು ಗೆರೆ ಇರ್ಬೇಕು, ನೋಡಿ ಮೇಷ್ಟ್ರೇ,” ಎಂದಳು, ಕುಳಿತಲ್ಲಿಂದಲೇ. “ಅಜ್ಜಿ ತುದಿಗಾಲಲ್ಲಿ ನಿಂತಿದ್ಲಂತೆ. ಗೆರೆ ಎಳೆದ್ಮೇಲೆ ಯಜಮಾನಿತಿಗೆ ಗೊತ್ತಾಯ್ತು. ಹೆಗಲು ಹಿಡಿದು ಒತ್ತಿ ಇನ್ನೊಂದು ಎಳೆದ್ಲು.”

ಮೇಷ್ಟ್ರು ಬಗ್ಗಿ ನೋಡಿದರು. ಗೆರೆಯ ಕೆಳಗೆ ಒಂದು ಬೆರಳಿನಷ್ಟು ಅಂತರದಲ್ಲಿ ಮತ್ತೊಂದಿತ್ತು. ಕೈ ಜಾರಿದ್ದೆಂದು ಅವರು ಅದನ್ನು ಎಂದೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

“ವಾಪಸ್ ಕಳಿಸಿಬಿಟ್ರಾ?”

“ಲಂಗದ ಅಂಚು ಮಡಚಿ ನಾನೇ ಹೊಲ್ಕೊಡ್ತೀನಿ ಅಂತ ಅಡುಗೆಯವಳು ಬೇಡ್ಕೊಂಡ್ಳಂತೆ. ಒಂಬತ್ತು ವರ್ಷ ಈ ಬಾಗಿಲನ್ನ ಬೆನ್ನಲ್ಲಿ ತಳ್ಕೊಂಡು ಕಲ್ಲಿದ್ದಲು ಹೊತ್ಲು. ಅವಳದ್ದು ಅಂತ ಒಂದು ಫೋಟೋ ಇಲ್ಲ, ಗೋರಿಗೆ ಕಲ್ಲಿಲ್ಲ. ಇಷ್ಟೇ ಇರೋದು. ಇದನ್ನೂ ಮಾಳಿಗೆಯ ಆ ಒಡೆಯರ ಹುಡುಗಿಗೇ ಕೊಟ್ಟುಬಿಡ್ತೀರಾ?”

ಮೇಷ್ಟ್ರು ಅಚ್ಚು ಹಾಕಿಸಿದ ಹೊತ್ತಗೆ ಮುಂಬಾಗಿಲ ಮೇಜಿನ ಮೇಲೆ ಮಾರಾಟಕ್ಕಿತ್ತು. ಬಾಗಿಲನ್ನು ಸಾಗಿಸಲು ಸಂಘವನ್ನು ಒಪ್ಪಿಸಿದವರೂ ಅವರೇ. ತಪ್ಪಾಯಿತೆಂದು ಈಗ ಯಾರ ಮುಂದೆ ಹೋಗಿ ನಿಲ್ಲಬೇಕೋ ಅವರೆಲ್ಲರ ಮುಖಗಳೂ ಒಮ್ಮೆ ಕಣ್ಣಮುಂದೆ ಹಾದುಹೋದವು.

ಬಾಗಿಲಿನ ಭಾರವನ್ನು ಹೆಗಲಿಗೆ ಕೊಟ್ಟು ನಿಂತಿದ್ದ ಪರ್ಸಿಗೆ ಸಾಕಾಗಿತ್ತು. “ಇವರಜ್ಜಿ ಒಂಬತ್ತು ವರ್ಷ ತಳ್ಳಿರಬಹುದು ಮೇಷ್ಟ್ರೇ, ನನ್ನ ಕೈಲಿ ಒಂಬತ್ತು ನಿಮಿಷ ಆಗಲ್ಲ. ಬಿಚ್ಲಾ, ಬಿಗೀಲಾ?”

“ಬಿಗಿ,” ಎಂದರು ಮೇಷ್ಟ್ರು.

ಮಧ್ಯಾಹ್ನದ ತಂಡವನ್ನು ಅವರು ಎಂದಿನಂತೆ ಓಕ್ ಮರದ ದೊಡ್ಡ ಮೆಟ್ಟಿಲಿನತ್ತ ಒಯ್ಯಲಿಲ್ಲ. ಹಿತ್ತಲಿನ ಕಲ್ಲಿದ್ದಲ ಕೊಟ್ಟಿಗೆಯ ಬಳಿಯಿಂದ, ಒಬ್ಬರ ಹಿಂದೊಬ್ಬರಾಗಿಯೇ ನಡೆಯಬೇಕಾದ ಓಣಿಯೊಳಕ್ಕೆ ಕರೆತಂದು ಹಲಗೆಯ ಮುಂದೆ ನಿಲ್ಲಿಸಿದರು. ಜೋಡಿ ಗೆರೆಯ ಮೇಲೆ ಬೆರಳಿಟ್ಟು, “ಇವಳು ಕೆಜಾಯಾ,” ಎಂದರು. ಬೆರಳು ಆ ಜೋಡಿಯ ಮೇಲಿದ್ದ ಎಂಬತ್ತೊಂದರ ಗೆರೆಗೆ ಸರಿಯಿತು.

“ಇವಳು...” ಎಂದವರು ಅಲ್ಲಿಯೇ ನಿಂತರು. ಜನ ಹೆಸರಿಗಾಗಿ ಕಾಯುತ್ತಲೇ ಇದ್ದರು.