ತಿರುವಿನ ಟಿಪ್ಪಣಿ

ಇನ್ನೂರ ಹನ್ನೆರಡು ಟಿಪ್ಪಣಿಗಳಲ್ಲಿ ಇನ್ನೂರ ಹನ್ನೊಂದು ಮುಗಿದಿದ್ದವು. ಉಳಿದ ಒಂದನ್ನೂ ಮುಗಿಸಿಬಿಡು ಎಂದು ಹೇಳಲು ಮ್ಯಾನೇಜರ್ ಅವಳ ಮೇಜಿನ ಬಳಿ ಬಂದದ್ದು ಮಧ್ಯಾಹ್ನದಿಂದ ಇದು ಮೂರನೇ ಸಲ. ಹೊಸ ಆಸ್ಪತ್ರೆಯ ನಕ್ಷೆ ಐದು ಗಂಟೆಗೆ ಗುತ್ತಿಗೆದಾರನ ಕೈ ಸೇರಬೇಕಿತ್ತು. ಆಗಲೇ ನಾಲ್ಕೂವರೆ.

ಅವಳ ಕೆಲಸವೇ ಅದು. ಎಲ್ಲರೂ ಆನ್‌ಲೈನಿನಲ್ಲಿ ತೆರೆಯುವ ನಕ್ಷೆಯ ಪಿಡಿಎಫ್ ಮೇಲೆ ವಾಸ್ತುಶಿಲ್ಪಿ ಕೆಂಪಿನಲ್ಲಿ, ವಿದ್ಯುತ್ತಿನವರು ನೀಲಿಯಲ್ಲಿ, ಕೊಳಾಯಿಯವರು ಹಸಿರಿನಲ್ಲಿ, ತಂತಮ್ಮ ಕಚೇರಿಗಳಲ್ಲಿ ಕೂತು ಬರೆದದ್ದನ್ನೆಲ್ಲ ಪಟ್ಟಿ ಮಾಡಿ, ಯಾವುದಕ್ಕೆ ಉತ್ತರ ಬಂತು, ಯಾವುದು ಬಾಕಿ ಎಂದು ಬೆನ್ನು ಹತ್ತಿ ಕೇಳುವುದು. ಹಾಗೆ ದಿನವೂ ಕೇಳುವವಳಿಗೆ ಕಚೇರಿಯವರು ಬಾಕಿಯಮ್ಮ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆದರೂ ಅವಳು ಓಗೊಡುತ್ತಿದ್ದಳು.

“ಅದಕ್ಕೆ ಉತ್ತರ ಬಂದಿದೆಯಲ್ಲಮ್ಮ,” ಎಂದರು ಮ್ಯಾನೇಜರ್.

“‘ಗಮನಿಸಲಾಗಿದೆ’ ಅಂತ ಬಂದಿದೆ ಸರ್. ಗಮನಿಸಿದ್ರೆ ಗೋಡೆ ಸರಿಯುತ್ತಾ?”

ಟಿಪ್ಪಣಿ ಇದ್ದದ್ದು ಒಂದೇ ಸಾಲು: ‘ಇಲ್ಲಿ ಸ್ಟ್ರೆಚರ್ ತಿರುಗುವುದಿಲ್ಲ.’ ಹಳೆಯ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ಸ್ಟ್ರೆಚರ್ ತಳ್ಳಿದವನೊಬ್ಬನನ್ನು, ಕೆಲಸದವರ ಅಭಿಪ್ರಾಯವೂ ಇರಲಿ ಎಂದು, ಎರಡು ತಿಂಗಳ ಹಿಂದೆ ಶಾಸ್ತ್ರಕ್ಕೆ ಒಂದು ಸಭೆಗೆ ಕರೆದಿದ್ದರು. ಆತ ತೆರೆಯ ಮೇಲಿನ ನಕ್ಷೆಯನ್ನು ಬಹಳ ಹೊತ್ತು ನೋಡಿ, ತುರ್ತು ಚಿಕಿತ್ಸೆಯ ಬಾಗಿಲಿಗೆ ಹೋಗುವ ತಿರುವಿನ ಮೇಲೆ ಬೆರಳಿಟ್ಟಿದ್ದ. ಅಲ್ಲಿ ಔಷಧಿ ಅಂಗಡಿಯ ಗೋಡೆ ಎರಡು ಅಡಿ ಮುಂದೆ ಬಂದು, ಕಾರಿಡಾರ್ ನಾಲ್ಕೇ ಅಡಿಗೆ ಇಳಿದಿತ್ತು. ಆತನಿಗೆ ಲಾಗಿನ್ ಎಲ್ಲಿಂದ ಬರಬೇಕು? ಅವಳೇ ಟೈಪ್ ಮಾಡಿದ್ದಳು, ತನ್ನ ಹೆಸರಿನಲ್ಲಿ. ಬರೆದವರೇ ಮುಗಿಸಬೇಕು ಎನ್ನುವುದು ನಿಯಮ.

“ನೋಡಮ್ಮ, ಅಂಗಡಿಯವರ ಜೊತೆ ಎಲ್ಲಾ ಮಾತಾಗಿಹೋಗಿದೆ. ಯಾರೋ ಗಾಡಿ ತಳ್ಳೋನು ಹೇಳಿದ ಅಂತ ಕಡ್ಡೀನ ಗುಡ್ಡ ಮಾಡ್ಬೇಡ.” ಆಮೇಲೆ ದನಿ ತಗ್ಗಿಸಿದರು. “ನಿನ್ನನ್ನ ಇನ್ನೊಂದು ವರ್ಷ ಮುಂದುವರಿಸೋ ಕಾಗದ ನನ್ನ ಮೇಜಿನ ಮೇಲಿದೆ. ನೆನಪಿರಲಿ.”

ಅವಳ ತಂಗಿಯ ಕಾಲೇಜು, ಅಮ್ಮನ ಮೊಣಕಾಲು, ಎಲ್ಲ ಆ ಒಂದು ಸಹಿಯ ಮೇಲೆ ನಿಂತಿದ್ದವು. ಆದರೂ ಫೋನ್ ಎತ್ತಿ, ಸ್ಪೀಕರ್ ಹಾಕಿ, ಮ್ಯಾನೇಜರ್ ಎದುರೇ ನಂಬರ್ ಒತ್ತಿದಳು.

“ಅಣ್ಣ, ನಕ್ಷೆ ಆಫೀಸಿಂದ. ಆವತ್ತು ಒಂದು ತಿರುವು ತೋರಿಸಿದ್ರಲ್ಲ?”

“ಹೂಂ, ಹೇಳಮ್ಮ. ಗೋಡೆ ಹಿಂದೆ ಹಾಕಿದ್ರಾ?”

“ಇಲ್ಲ.”

“ಹಾಗಾದ್ರೆ ತಿರುಗಲ್ಲ.” ಆ ಕಡೆ ಯಾವುದೋ ಚಕ್ರ ಕಿರುಗುಟ್ಟುತ್ತಿತ್ತು. “ತಿರುಗಿಸಲೇಬೇಕು ಅಂದ್ರೆ ಒಂದು ತುದಿ ಎತ್ಬೇಕು. ಮಲಗಿರೋರ ತಲೆ ಮೇಲಾಗುತ್ತೋ ಕಾಲು ಮೇಲಾಗುತ್ತೋ, ಅದು ಅವರವರ ಅದೃಷ್ಟ. ಇಡ್ಲಾ ತಾಯಿ? ಒಬ್ಬರನ್ನ ಒಳಗೆ ಬಿಡ್ಬೇಕು.”

ಮ್ಯಾನೇಜರ್ ಕಿವಿ ಕೆಂಪಾಗಿತ್ತು. “ಮುಗೀತಾ ನಿನ್ನ ನಾಟಕ? ಈಗ ಅದನ್ನ ಮುಗಿಸು.”

“ಮುಗಿಸಲ್ಲ ಸರ್.”

ಸುತ್ತಲಿನ ಕೀಬೋರ್ಡುಗಳ ಸದ್ದು ನಿಂತಿತು. ಎದುರು ಮೇಜಿನ ನಕ್ಷೆಗಾರ ಖಾಲಿ ಲೋಟವನ್ನೇ ಬಾಯಿಗಿಟ್ಟು ಒಂದು ಗುಟುಕು ಕುಡಿದ.

“ನಿನ್ನ ಕೈಲಿ ಆಗದಿದ್ರೆ ನಾನೇ ಮುಗಿಸ್ತೀನಿ. ನನಗೆ ಅಧಿಕಾರ ಇದೆ.”

“ಇದೆ ಸರ್.” ಅವಳು ತನ್ನ ಲಾಗಿನ್‌ನಿಂದ ಹೊರಬಂದು, ಎದ್ದು, ಕುರ್ಚಿಯನ್ನು ಅವರ ಕಡೆ ತಿರುಗಿಸಿದಳು. “ಕೂತ್ಕೊಳ್ಳಿ.”

ಅವರು ಕೂತರು. ತಮ್ಮ ಪಾಸ್‌ವರ್ಡ್ ಒತ್ತಿ, ಟಿಪ್ಪಣಿ ತೆರೆದು, ‘ಮುಗಿದಿದೆ’ ಎಂಬುದರ ಮೇಲೆ ಕ್ಲಿಕ್ ಮಾಡಿದರು. ಒಂದು ಚೌಕ ತೆರೆಯಿತು. ಇನ್ನೊಬ್ಬರ ಟಿಪ್ಪಣಿಯನ್ನು ಮುಗಿಸುತ್ತಿದ್ದೀರಿ, ಕಾರಣ ಬರೆಯಿರಿ ಎಂದಿತ್ತು ಅದರಲ್ಲಿ. ಕೆಳಗೆ ಅವರ ಪೂರ್ತಿ ಹೆಸರು, ಹುದ್ದೆ, ತಾರೀಖು, ನಾಲ್ಕು ಮೂವತ್ತೆಂಟು. ಅವರು ಎರಡು ಪದ ಒತ್ತಿದರು. ಅಳಿಸಿದರು. ಮತ್ತೆ ಒತ್ತಿದರು.

“ಸರ್, ನೀವು ಬರೀತಾ ಇದ್ದೀರಿ ಅಂತ ನಮಗೆಲ್ಲಾ ತೋರಿಸ್ತಾ ಇದೆ,” ಎಂದ ನಕ್ಷೆಗಾರ, ತನ್ನ ತೆರೆಯಿಂದ ಕಣ್ಣೆತ್ತದೆ.

ಮ್ಯಾನೇಜರ್ ಬೆರಳುಗಳು ಅಲ್ಲೇ ನಿಂತವು. “ಏನಂತ ಬರೀಲಿ?” ಎಂದು ಯಾರನ್ನೂ ನೋಡದೆ ಕೇಳಿದರು.

“ಸ್ಟ್ರೆಚರ್ ತಿರುಗುತ್ತೆ ಅಂತ ಬರೀರಿ ಸರ್.”

“ನಿನ್ನ ಕಾಗದಕ್ಕೆ ನಾನು ಸಹಿ ಹಾಕಲ್ಲ. ತಿಳ್ಕೋ.”

“ತಿಳ್ಕೊಂಡೆ ಸರ್. ಬರೀರಿ. ಒಂದೇ ಸಾಲು.”

ಆ ಒಂದು ಸಾಲಿನ ಮುಂದೆ ಅವರು ಹತ್ತು ನಿಮಿಷ ಕೂತಿದ್ದರು. ಅವಳು ಕುರ್ಚಿಯ ಪಕ್ಕದಿಂದ ಕದಲಲಿಲ್ಲ. ಕೊನೆಗೆ ಅವರು ಮೇಜಿನ ಫೋನ್ ಎಳೆದುಕೊಂಡು ವಾಸ್ತುಶಿಲ್ಪಿಗೆ ಹಚ್ಚಿದರು.

“ಆ ತಿರುವಿನದು. ನಾನು ಅಧಿಕಾರ ಕೊಡ್ತೀನಿ, ನೀವೇ ಮುಗಿಸಿಬಿಡಿ. ಗಾಡಿ ತಿರುಗುತ್ತೆ ಅಂತ ನಿಮ್ಮ ಹೆಸರಲ್ಲಿ ಒಂದು ಸಾಲು ಹಾಕಿ.”

ಆ ಕಡೆಯ ದನಿ ಜೋರಾಗಿತ್ತು; ಎಲ್ಲರಿಗೂ ಕೇಳಿಸಿತು.

“ನನ್ನ ಹೆಸರಲ್ಲಾ? ಬೇಡ ಸರ್. ಅದಕ್ಕಿಂತ ಗೋಡೆ ಹಿಂದೆ ಹಾಕೋದೇ ಸುಲಭ.”