ಬದುವಿನ ಮೇಲಿನ ನಡಿಗೆ

ಸುಮಿತ್ರವ್ವ ಎತ್ತಿದ ಬಲಗಾಲನ್ನು ಇನ್ನೂ ನೆಲಕ್ಕೆ ಇಟ್ಟಿರಲಿಲ್ಲ, ಅಷ್ಟರಲ್ಲಿ ಮೈದುನ ಅಂದಪ್ಪನ ಗುದ್ದಲಿ ಅವಳ ಬೆರಳ ಮುಂದೆಯೇ ಬದುವಿಗೆ ಬಡಿಯಿತು. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

“ದಿನಾ ಮುಂಜಾನೆ ಹೆಜ್ಜಿ ಹಾಕಿ ಹೊಲಾ ಅಳ್ಯಾಕ ಹತ್ತೀರೇನ್ರಿ ವೈನಿ? ಅಣ್ಣ ಹೋಗಿ ಇನ್ನೂ ವರ್ಷಾಗಿಲ್ಲ, ಆಗಲೇ ಪಾಲಿನ್ಯಾಗ ಹೆಚ್ಚುಕಮ್ಮಿ ಕಾಣಾಕತ್ತೇನು?”

“ಅಳ್ಯಾಕತ್ತಿಲ್ಲಪಾ. ಗದಗಿನ ಶಿಬಿರದಾಗ ಬೌದ್ಧ ಭಿಕ್ಕುಗಳು ಕಲಿಸ್ಯಾರ. ಕಾಲು ಎತ್ತೂದು, ಮುಂದ ಒಯ್ಯೂದು, ಇಡೂದು. ಅದರ ಮ್ಯಾಲಷ್ಟ ಲಕ್ಷ್ಯ ಇಟ್ಟು ನಡದ್ರ ಮನಸ್ಸು ತಣ್ಣಗಾಗತೈತಿ. ಇದು ಧ್ಯಾನ.”

“ಧ್ಯಾನ! ಹಂಗಾರ ಎರಡೂ ಹೊಲದ ತಲಿಗಿರೂ ಈ ಬದುವಿನ ಮ್ಯಾಲ ನನ್ನ ಹೊಲ ಎಷ್ಟ ಹೆಜ್ಜಿ, ನಿಮ್ಮದೆಷ್ಟ ಹೆಜ್ಜಿ, ಖರೇನ ಗೊತ್ತಿಲ್ಲೇನು?”

ಗೊತ್ತಿಲ್ಲ ಅನ್ನಲು ಬಾಯಿ ತೆರೆದಳು. ನಾಲಿಗೆಯ ತುದಿಯಲ್ಲಿ ಅಂಕಿ ಬಂದು ನಿಂತಿತ್ತು. ಅವನದ್ದು, ತನ್ನದು, ಎರಡರ ನಡುವಿನ ಅಂತರ ಕೂಡ. ಕಣ್ಣು ಅರ್ಧ ಮುಚ್ಚಿ ನಡೆದ ಅಷ್ಟೂ ಮುಂಜಾನೆ ಒಳಗೊಬ್ಬಳು ಸದ್ದಿಲ್ಲದೆ ಎಣಿಸುತ್ತಲೇ ಇದ್ದಳು.

“ಗೊತ್ತೈತಿ ಅಂದಪ್ಪ,” ಅಂದಳು. “ನಿಂದ ಹೆಚ್ಚೈತಿ. ನನಗ ಖಬರಿಲ್ಲದಂಗ ಅಳದೇನಿ.”

ಗುದ್ದಲಿಯ ಹಿಡಿಕೆಯ ಮೇಲೆ ಅಂದಪ್ಪನ ಮುಷ್ಟಿ ಬಿಗಿಯಾಯಿತು. ಅವನು ದಾರಿ ಬಿಡಲಿಲ್ಲ. ಸುಮಿತ್ರವ್ವ ಗುದ್ದಲಿಯ ಪಕ್ಕದಿಂದ ಕಾಲನ್ನು ಮೆಲ್ಲಗೆ ಮುಂದೆ ಒಯ್ದು, ಅದು ಅಗೆದ ಹಸಿ ಮಣ್ಣಿನ ಮೇಲೆಯೇ ಇಟ್ಟಳು. ಒಳಗಿನ ಎಣಿಕೆ ಮತ್ತೆ ಶುರುವಾಗುತ್ತದೆಂದು ಕಾದಳು.

ಅಂಗಾಲಿಗೆ ತಣ್ಣನೆಯ ಮಣ್ಣು ತಾಗಿತು. ಅಂಕಿ ಬರಲಿಲ್ಲ.