ಏಕತ್ವದ ಅಧ್ಯಾಯ

ಶ್ರುತಪಂಚಮಿಯ ಪೂಜೆ ಮುಗಿಸಿ, ಹಳದಿ ವಸ್ತ್ರದ ಗಂಟು ಬಿಚ್ಚಿ, ಶ್ರೇಯಾಂಸ ಪಂಡಿತರು ತಾವು ಬರೆದ ಪುಸ್ತಕವನ್ನು ಮೊದಲ ಬಾರಿಗೆ ತೆರೆದಾಗ, ನೂರ ಹದಿಮೂರನೆಯ ಪುಟದಲ್ಲಿ ಅವರಿಗೆ ಎದುರಾದದ್ದು ತೆಂಗಿನ ಮರ ಕೊರೆಯುವ ಕೆಂಪುಮೂತಿ ಹುಳು. ಹುಳುವಿನ ಚಿತ್ರ, ಅದು ತಿಂದ ಕಾಂಡದ ಚಿತ್ರ, ಕೆಳಗೆ ಬುಡಕ್ಕೆ ಹಾಕಬೇಕಾದ ಬೇವಿನ ಹಿಂಡಿಯ ಪ್ರಮಾಣ. ಹಾಳೆ ಮಗುಚಿದರು. ಮುಂದೆಯೂ ತೆಂಗು, ಅದರ ಮುಂದೆಯೂ ತೆಂಗು. ಹದಿನಾರು ಪುಟ ಕಳೆದ ಮೇಲೆ ಜೈನರ ಹನ್ನೆರಡು ಭಾವನೆಗಳ ಮೇಲಿನ ಅವರ ವ್ಯಾಖ್ಯಾನದ ಮುಂದಿನ ಅಧ್ಯಾಯ, ಏನೂ ಆಗಿಲ್ಲವೆಂಬಂತೆ, ಒಂದು ವಾಕ್ಯದ ನಡುವಿನಿಂದ ಹೊರಟಿತ್ತು. ಏಕತ್ವದ ಅಧ್ಯಾಯವೇ ಇರಲಿಲ್ಲ. ಪುಟಸಂಖ್ಯೆ ಮಾತ್ರ ಎಲ್ಲಿಯೂ ತಪ್ಪಿರಲಿಲ್ಲ.

ಹೊಸ ಶಾಸ್ತ್ರಗ್ರಂಥವನ್ನು ಶ್ರುತಪಂಚಮಿಯಂದು ಅರ್ಚಿಸದೆ ತೆರೆಯಬಾರದೆಂಬುದು ಆ ಮನೆತನದ ನಿಯಮ. ಹಾಗಾಗಿ ಪುಸ್ತಕವು ಬಸ್ತಿಹಳ್ಳಿಯ ಆ ಮನೆಯಲ್ಲಿ ತಿಂಗಳ ಕಾಲ ಜಿನಬಿಂಬದ ಮುಂದೆ ಕಟ್ಟಿಟ್ಟಂತೆಯೇ ಇತ್ತು. ಅಷ್ಟರಲ್ಲಿ ಅದರ ಕೀರ್ತಿ ನಾಡೆಲ್ಲ ಸುತ್ತಿ ಬಂದಿತ್ತು. ಪತ್ರಿಕೆಗಳಲ್ಲಿ, ಫೇಸ್‌ಬುಕ್ಕಿನಲ್ಲಿ ಹೊಗಳದವರಿರಲಿಲ್ಲ. ಕರ್ತೃ ಭಕ್ತಿಯಿಂದ ತೆರೆದಿರಲಿಲ್ಲ. ಉಳಿದವರು ಏಕೆ ತೆರೆದಿರಲಿಲ್ಲವೆಂಬುದು ಪಂಡಿತರಿಗೆ ಈಗಷ್ಟೇ ಹೊಳೆಯತೊಡಗಿತು.

"ಚೇತನ್, ಇಲ್ಲಿ ಬಾಪ್ಪ."

ಅರಸೀಕೆರೆಯಲ್ಲಿ ಪುಟ್ಟದೊಂದು ಪ್ರಕಾಶನ ನಡೆಸುವ ಚೇತನ್‌ಕುಮಾರ್, ಪಂಡಿತರ ವಾಚನವನ್ನು ಲೈವ್ ತೋರಿಸಲೆಂದು ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸುತ್ತಿದ್ದವನು, ಬಂದು ಬಗ್ಗಿ ನೋಡಿದ. ಗೋಡೆಯ ಬದಿಯ ಕಟ್ಟಿನಿಂದ ಇನ್ನೊಂದು ಪ್ರತಿ ಎಳೆದ, ಮತ್ತೊಂದನ್ನು ಎಳೆದ. ಎಲ್ಲದರಲ್ಲಿಯೂ ಹುಳು.

"ಅಯ್ಯಯ್ಯೋ, ಇದು ನಮ್ಮ ತೆಂಗಿನ ಕೈಪಿಡೀದು ಸಾರ್! ಎರಡೂ ಒಂದೇ ಸೈಜು, ಒಂದೇ ದಿನ ಬೈಂಡಿಂಗಿಗೆ ಹೋಗಿದ್ವು. ಹದಿನಾರು ಪುಟದ ಫಾರಂ ಅದಲುಬದಲು ಮಾಡವ್ರೆ."

ಪಂಡಿತರು ಪುಸ್ತಕವನ್ನು ಹಾಗೆಯೇ ಹಿಡಿದು, ಬೇಲೂರಿನಿಂದ ಅತಿಥಿಯಾಗಿ ಬಂದು ಚಾಪೆಯ ಮೇಲೆ ಕುಳಿತಿದ್ದ ವಿಮರ್ಶಕ ಶರತ್ಚಂದ್ರರ ಮುಂದೆ ಇಟ್ಟರು. 'ಏಕತ್ವದ ಅಧ್ಯಾಯವೇ ಈ ಕೃತಿಯ ಶಿಖರ. ಓದಿ ಮುಗಿಸಿದಾಗ ಕಣ್ಣು ತುಂಬಿ ಬಂದಿತ್ತು' ಎಂಬ ಅವರ ಮಾತನ್ನೇ ಚೇತನ್ ಪೋಸ್ಟರು ಮಾಡಿ ಹಂಚಿದ್ದ.

"ತಾವು ಮೆಚ್ಚಿದ ಅಧ್ಯಾಯ," ಎಂದರು ಪಂಡಿತರು.

ಶರತ್ಚಂದ್ರರು ಕನ್ನಡಕ ಏರಿಸಿದರು, ಇಳಿಸಿದರು. "ನನಗೆ ಬಂದ ಪ್ರತಿ ಬೇರೆ ಇದ್ದಿರಬೇಕು."

"ಎಲ್ಲಾ ಒಂದೇ ಸಾರ್," ಎಂದುಬಿಟ್ಟ ಚೇತನ್.

"ನೋಡಿ ಪಂಡಿತರೇ, ಮೊದಲಿನ ನಿಮ್ಮ ಅರಿಕೆ ಓದಿದೆ. ಮಗಳು ತೀರಿಕೊಂಡ ವರ್ಷ ಬರೆದ ಅಧ್ಯಾಯ ಅಂತ ಅದರಲ್ಲೇ ಇತ್ತಲ್ಲ. ನೀವು ಬರೆದದ್ದು ಚೆನ್ನಾಗಿರುತ್ತೆ ಅಂತ ತಿಳಿಯೋಕೆ ಓದಲೇಬೇಕೇನ್ರೀ? ಮನೆ ತುಂಬ ಪುಸ್ತಕ ಬಂದು ಬೀಳ್ತವೆ."

"ಏನದು ಗುಸುಗುಸು?" ಕಂಬಕ್ಕೊರಗಿ ಕುಳಿತಿದ್ದ ಪಂಡಿತರ ಹೆಂಡತಿ ಯಶೋಧಮ್ಮ ಕೇಳಿದರು. "ಓದೋಕೆ ಶುರು ಮಾಡ್ರೀ. ಹೊಗಳಿಸಿಕೊಂಡಿದ್ದು ಸಾಲದೇನು?"

ಸಕ್ಕರೆ ಕಾಯಿಲೆ ಆಕೆಯ ಕಣ್ಣಿನಲ್ಲಿ ಬೆಳಕನ್ನಷ್ಟೇ ಉಳಿಸಿತ್ತು; ಅಕ್ಷರ ಕಾಣುತ್ತಿರಲಿಲ್ಲ. ಪಂಡಿತರು ಬರೆದುದನ್ನೆಲ್ಲ ದಿನದಿನವೂ ಕೇಳಿಸಿಕೊಂಡವರು ಆ ಒಂದು ಅಧ್ಯಾಯದ ಹೊತ್ತಿಗೆ ಮಾತ್ರ ಕೈ ಅಡ್ಡ ಹಿಡಿದಿದ್ದರು: 'ಅದನ್ನ ಅಚ್ಚಾದ ಮೇಲೆ ಓದಿ. ಅಷ್ಟರಲ್ಲಿ ಗಟ್ಟಿ ಆಗ್ತೀನಿ.'

ಪಂಡಿತರು ಚೇತನ್‌ನನ್ನು ಬಾಗಿಲ ಬಳಿಗೆ ಕರೆದೊಯ್ದರು. "ಪ್ರತಿಗಳನ್ನೆಲ್ಲ ಹಿಂದಕ್ಕೆ ತರಿಸು. ಇದೇ ಫೋನಿನಲ್ಲಿ ಈಗಲೇ ಹೇಳಿಬಿಡ್ತೀನಿ."

"ಹೇಳಿದ್ರೆ ನಿಮಗೇನೂ ಆಗಲ್ಲ ಸಾರ್. ಹೊಗಳಿ ಬರೆದೋರೆಲ್ಲ ನಗೆಪಾಟಲಾಯ್ತಾರೆ. ಆಮೇಲೆ ನನ್ನ ಒಂದು ಪುಸ್ತಕಾನೂ ಯಾರೂ ಮುಟ್ಟಲ್ಲ. ನನಗೇನು ಅಂಗಡಿ ಐತಾ, ಹೆಸರು ಐತಾ? ಇರೋದು ಇವರ ಹೊಗಳಿಕೆ ಒಂದೇ. ಎರಡನೇ ಮುದ್ರಣದಲ್ಲಿ ಸರಿ ಮಾಡ್ತೀನಿ."

"ಎರಡನೇ ಮುದ್ರಣ ಯಾವಾಗ?"

"ಇವು ಖರ್ಚಾದ್ಮೇಲೆ." ಅವನು ತಲೆ ತಗ್ಗಿಸಿದ. "ನಿಮಗೆ ಬಾಯಿಗೆ ಬರ್ತದಲ್ಲ ಸಾರ್. ಪುಟ ನೋಡ್ತಾ ಹೇಳ್ಬಿಡಿ. ಯಾರಿಗೆ ಗೊತ್ತಾಯ್ತದೆ?"

ಮೊಬೈಲಿನ ಬೆಳಕು ಹೊತ್ತಿತು. ಯೌವನದಲ್ಲಿಯೇ ಮುನಿಗಳ ಪಾದದಲ್ಲಿ ಸತ್ಯಾಣುವ್ರತ ಸ್ವೀಕರಿಸಿ, ಸಂತೆಯ ಮಾತಿನಲ್ಲಿಯೂ ಅದನ್ನು ಮುರಿಯದೆ ಬಂದ ಶ್ರೇಯಾಂಸ ಪಂಡಿತರು, ಇದ್ದುದನ್ನು ಇದ್ದಂತೆ ಹೇಳಲು ಬಾಯಿ ತೆರೆದರು. ಎದುರಿಗೆ ಯಶೋಧಮ್ಮ ನೆಟ್ಟಗೆ ಕುಳಿತು, ಸೆರಗನ್ನು ತಲೆಯ ಮೇಲೆಳೆದು, ಕೈ ಜೋಡಿಸಿದರು. "ಈಗ ಗಟ್ಟಿ ಆಗಿದೀನಿ, ಓದ್ರೀ."

"ಜೀವವು ಒಂಟಿಯಾಗಿ ಬರುತ್ತದೆ," ಎಂದರು ಪಂಡಿತರು. "ಹಿಡಿದ ಕೈ ಎಷ್ಟೇ ಬಿಗಿಯಾಗಿರಲಿ, ಒಂಟಿಯಾಗಿಯೇ ಹೋಗುತ್ತದೆ."

ಬೇವಿನ ಹಿಂಡಿಯ ಸಾಲುಗಳ ಮೇಲೆ ಬೆರಳಾಡಿಸುತ್ತ ಅವರು ಇಡೀ ಅಧ್ಯಾಯವನ್ನು ನುಡಿದರು: ಹಾಸನದ ಆಸ್ಪತ್ರೆಯಲ್ಲಿ ತಮ್ಮ ಅಂಗೈಯೊಳಗೆ ಮಗಳು ಸಿದ್ಧಿಯ ಬೆರಳುಗಳು ತಣ್ಣಗಾದ ಬಗೆ, ತಂದೆಯೆಂಬುದು ಆ ಗಳಿಗೆಯಲ್ಲಿ ಬರಿಯ ಸಾಕ್ಷಿಯಾಗಿ ಉಳಿದ ಬಗೆ. ತಕ್ಕ ಹೊತ್ತಿಗೆ ಹಾಳೆ ಮಗುಚುವುದನ್ನೂ ಅವರು ಮರೆಯಲಿಲ್ಲ. ಶರತ್ಚಂದ್ರರಿಗೆ ಈ ಸಲ ನಿಜವಾಗಿಯೂ ಕಣ್ಣು ತುಂಬಿತು. ಪರದೆಯ ಮೇಲೆ ಕೆಂಪು ಹೃದಯಗಳು ಸಾಲುಗಟ್ಟಿ ಮೇಲೇರಿದವು.

ವಾಚನ ಮುಗಿಯಿತು. ಯಶೋಧಮ್ಮ ಕೈ ಚಾಚಿದರು. "ಕೊಡ್ರೀ ಇಲ್ಲಿ. ಅದೇ ಪುಟ ತೆಗೆದು ಕೊಡಿ."

ಪಂಡಿತರು ಕೊಟ್ಟರು.

"ಎಷ್ಟೊಂದು ಜನ ಓದಿಬಿಟ್ಟಿದಾರಲ್ರೀ ನಮ್ಮ ಸಿದ್ಧೀನ!" ಎಂದು ಆಕೆ ತೆರೆದ ಪುಟವನ್ನು ಒಂದು ಕಣ್ಣಿಗೆ, ಆಮೇಲೆ ಇನ್ನೊಂದು ಕಣ್ಣಿಗೆ ಒತ್ತಿಕೊಂಡರು. ಕಂಬನಿ ಇಳಿದು, ಕೆಂಪುಮೂತಿ ಹುಳುವಿನ ಬಣ್ಣ ಅವರ ಕೆನ್ನೆಗೆ ಹತ್ತಿತು.